ಕೆಂಪು ಗುರುತಿಗೆ ಕಾರಣ ಬೇಕು

ಮಾನ್ಯರೇ,

ಬಂದರಿಗೆ ಬಂದಿಳಿಯುವ ಪ್ರತಿ ಕಂಟೇನರನ್ನೂ ತೆರೆದು ನೋಡಲು ಯಾವ ದೇಶದ ಕಸ್ಟಮ್ಸ್ ಇಲಾಖೆಗೂ ಆಗದು. ಹಾಗಾಗಿ ಯಾರ ಸರಕನ್ನು ತಡೆಯಬೇಕು, ಯಾರದನ್ನು ಬಿಡಬೇಕು ಎಂಬುದನ್ನು ಈಗ ತಂತ್ರಾಂಶ ಆರಿಸುತ್ತದೆ. ಸರಕಿನ ವರ್ಗೀಕರಣ ಸಂಖ್ಯೆ, ಘೋಷಿಸಿದ ಬೆಲೆ, ಮೂಲ ದೇಶ, ವ್ಯಾಪಾರಿಯ ಹಿಂದಿನ ನಡವಳಿಕೆ ಎಲ್ಲವನ್ನೂ ತೂಗಿ, ಅಪಾಯದ ಅಂಕ ಹಾಕಿ, ಸರಕಿಗೆ ಬಣ್ಣದ ಗುರುತು ಕೊಡುತ್ತದೆ. ಹಸಿರು ಬಂದರೆ ನೇರ ಬಿಡುಗಡೆ, ಹಳದಿಯಾದರೆ ಕಾಗದಪತ್ರಗಳ ಪರಿಶೀಲನೆ, ಕೆಂಪಾದರೆ ಸರಕನ್ನೇ ಬಿಚ್ಚಿ ತಪಾಸಣೆ. ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಅಂಗವಾದ ಅಂಕ್ಟಾಡ್ ರೂಪಿಸಿದ ಅಸಿಕುಡಾ ಎಂಬ ಕಸ್ಟಮ್ಸ್ ತಂತ್ರಾಂಶದ ಪದ್ಧತಿ ಇದೇ. ಪ್ರಾಮಾಣಿಕರಿಗೆ ಇದರಿಂದ ಆಗಿರುವ ಅನುಕೂಲ ದೊಡ್ಡದು. ಅಧಿಕಾರಿಯ ಮರ್ಜಿ ಕಾಯುವ ಕಾಲಕ್ಕೆ ಮರಳುವುದು ಯಾರಿಗೂ ಬೇಡ.

ನನ್ನ ತಕರಾರು ಕೆಂಪು ಗುರುತು ಬಿದ್ದವರ ಗತಿಯ ಬಗ್ಗೆ. ಏಕೆ ಬಿತ್ತೆಂದು ಅವರಿಗೆ ಸಾಮಾನ್ಯವಾಗಿ ತಿಳಿಯುವುದೇ ಇಲ್ಲ. ಮಾನದಂಡ ಬಯಲಾದರೆ ಕಳ್ಳಸಾಗಣೆದಾರರು ನುಸುಳುವ ದಾರಿ ಹುಡುಕುತ್ತಾರೆ ಎಂಬ ವಾದವನ್ನು ಒಪ್ಪುತ್ತೇನೆ. ಆದರೆ ಎಂದೋ ತಪ್ಪಾಗಿ ನಮೂದಾದ ಸಂಖ್ಯೆಯನ್ನೋ ಬೇರೆಯವರ ದಂಡ ತನ್ನ ಖಾತೆಗೆ ಸೇರಿರುವುದನ್ನೋ ವ್ಯಾಪಾರಿ ನೋಡಿ ತಿದ್ದಿಸಿಕೊಂಡರೆ ಯಾವ ಗುಟ್ಟು ರಟ್ಟಾಗುತ್ತದೆ?

ಇನ್ನೂ ಗಂಭೀರವಾದುದೊಂದಿದೆ. ತಪಾಸಣೆಯ ಫಲಿತಾಂಶವನ್ನು ಮತ್ತೆ ತಂತ್ರಾಂಶಕ್ಕೇ ಉಣಿಸಲಾಗುತ್ತದೆ. ಪದೇ ಪದೇ ಬಿಚ್ಚಿ ನೋಡಿದರೆ ಯಾರ ಸರಕಿನಲ್ಲಾದರೂ ಒಂದಲ್ಲ ಒಂದು ಲೋಪ ಸಿಕ್ಕೇ ಸಿಗುತ್ತದೆ: ತೂಕದಲ್ಲಿ ಚೂರು ವ್ಯತ್ಯಾಸ, ಲೇಬಲ್‌ನಲ್ಲಿ ಅಕ್ಷರದೋಷ. ಅದು ದಾಖಲಾಗಿ ಅಪಾಯದ ಅಂಕ ಏರುತ್ತದೆ, ಮುಂದಿನ ಸರಕೂ ನಿಲ್ಲುತ್ತದೆ. ತೆರೆಯದೇ ಬಿಟ್ಟವರ ಲೋಪ ಕಾಣುವುದೇ ಇಲ್ಲ, ಅವರ ಹೆಸರು ಶುದ್ಧವಾಗಿಯೇ ಉಳಿಯುತ್ತದೆ. ಯಂತ್ರ ತಾನು ಮೊದಲೇ ಶಂಕಿಸಿದ್ದನ್ನೇ ಸಾಕ್ಷ್ಯವೆಂದು ತೋರಿಸುತ್ತಾ ಹೋಗುತ್ತದೆ. ಹಸಿರು ದಾರಿಯವರನ್ನೂ ಸೇರಿಸಿ, ಅಂಕ ನೋಡದೆ ಚೀಟಿ ಎತ್ತಿದಂತೆ ಆರಿಸಿ ತಪಾಸಿಸಿದರೆ ಮಾತ್ರ ಈ ಸುತ್ತು ಮುರಿಯುತ್ತದೆ. 2017ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮೀಕರಣ ಒಪ್ಪಂದ ಇದಕ್ಕೆ ಅವಕಾಶ ಕೊಟ್ಟಿದೆ. ಅಪಾಯ ನಿರ್ವಹಣೆಯಲ್ಲಿ ಮನಬಂದಂತೆ ತಾರತಮ್ಯ ಕೂಡದೆಂದೂ ಅದು ಹೇಳುತ್ತದೆ.

ಹೊಸಬರ ಪಾಡು ಬೇರೆ. ನಂಬಿಕಸ್ಥ ವ್ಯಾಪಾರಿಗಳಿಗೆ ಕಸ್ಟಮ್ಸ್ ಕೊಡುವ ‘ಅಧಿಕೃತ ಆರ್ಥಿಕ ನಿರ್ವಾಹಕ’ ಎಂಬ ಮಾನ್ಯತೆ ಸಿಕ್ಕರೆ ತಪಾಸಣೆ ಕಡಿಮೆಯಾಗುತ್ತದೆ. ಅದಕ್ಕೆ ಹಳೆಯ ದಾಖಲೆ, ಆರ್ಥಿಕ ಸಾಮರ್ಥ್ಯ ಬೇಕು. ನಿನ್ನೆ ಮೊನ್ನೆ ಆರಂಭಿಸಿದ ಸಣ್ಣ ವ್ಯಾಪಾರಿ ಅವನ್ನೆಲ್ಲಿಂದ ತರಬೇಕು? ದಾಖಲೆ ಇಲ್ಲದಿರುವುದು ಅಪರಾಧದ ದಾಖಲೆಯಲ್ಲ.

ಸಣ್ಣಪುಟ್ಟ ಲೋಪಗಳು ನಿಗದಿತ ಅವಧಿಯ ನಂತರ ಲೆಕ್ಕದಿಂದ ಅಳಿಯಬೇಕು. ಸತತವಾಗಿ ತಡೆಹಿಡಿಯಲ್ಪಡುವವರ ಕಡತವನ್ನು ಅಧಿಕಾರಿಯೊಬ್ಬರು ಖುದ್ದಾಗಿ ಪರಿಶೀಲಿಸಿ, ಲಿಖಿತ ಉತ್ತರ ಕೊಡಬೇಕು. ತಪಾಸಣೆಯಲ್ಲಿ ಏನೂ ಸಿಗದಿದ್ದರೆ, ಸರಕು ಬಂದರಿನಲ್ಲಿ ನಿಂತ ದಿನಗಳ ಬಾಡಿಗೆಯನ್ನು ವ್ಯಾಪಾರಿಯ ತಲೆಗೆ ಕಟ್ಟಬಾರದು.

– ಒಬ್ಬ ಓದುಗ