ಸ್ಕಿನ್ನಿ ಜೀನ್ಸ್ ಕೇಳಿದ ಗೆಳೆಯನಿಗೆ

ಲೇ ಕಮಿಷನರ್,

ಸ್ಕಿನ್ನಿ ಜೀನ್ಸ್‌ನಲ್ಲಿ ನಿನಗೆ ಯಾವ ಸೈಜ್ ಸರಿಹೋಗುತ್ತೆ ಅಂತ ನಿನ್ನ ಅಳತೆ ಕಳಿಸಿ ನನ್ನ ಕೇಳಿದ್ದೀಯ. ಎಲ್ಲರಿಗೂ ಕಾಣೋ ಹಾಗೆ ಇಲ್ಲೇ ಬರೀತೀನಿ. ಇದೇ ಪ್ರಶ್ನೆ ಇಟ್ಕೊಂಡು ಟ್ರಯಲ್ ರೂಮಲ್ಲಿ ಉಸಿರು ಬಿಗಿಹಿಡಿದು ನಿಂತೋರು ನೀನೊಬ್ಬನೇ ಅಲ್ಲ.

ಮೊದಲು ಲೇಬಲ್ ಮರೆತುಬಿಡು. 32 ಅಂತ ಬರೆದಿರೋದನ್ನ ಟೇಪ್ ಹಿಡಿದು ಅಳೆದರೆ 34 ಬರೋದೂ ಉಂಟು. ಗಿರಾಕಿ ಖುಷಿಯಾಗಿರಲಿ ಅಂತ ಕಂಪನಿಯವರೇ ಸಡಿಲ ಬಿಡ್ತಾರೆ. ಬಳ್ಳಾರಿಯಲ್ಲಿ ಒಂದೇ ಲಾಟ್‌ನಲ್ಲಿ ಹೊಲಿದ ಪೀಸುಗಳೂ ವಾಷಿಂಗ್‌ಗೆ ಹೋಗಿ ಬಂದಮೇಲೆ ಅರ್ಧ ಇಂಚು ಆಚೀಚೆ ಆಗ್ತವೆ. ಅದಕ್ಕೇ ನಿನಗೆ ಚೆನ್ನಾಗಿ ಕೂರೋ ಹಳೇ ಜೀನ್ಸ್ ತೆಗೆದು, ಬಟನ್ ಹಾಕಿ, ನೆಲದ ಮೇಲೆ ಚಪ್ಪಟೆ ಹಾಸು. ಸೊಂಟಪಟ್ಟಿ ಈ ತುದಿಯಿಂದ ಆ ತುದಿ ಅಳೆದು ಎರಡರಿಂದ ಗುಣಿಸು. ತೊಡೆಯನ್ನ, ಎರಡು ಕಾಲೂ ಕೂಡೋ ಕವೆಯ ಹೊಲಿಗೆಯಿಂದ ಒಂದಿಂಚು ಕೆಳಗೆ ಹಾಗೇ ಅಳೆ. ಆ ಹೊಲಿಗೆಯಿಂದ ಮುಂದೆ ಪಟ್ಟಿಯ ಮೇಲಂಚಿನವರೆಗಿನ ಎತ್ತರಕ್ಕೆ ರೈಸ್ ಅಂತಾರೆ, ಅದನ್ನೂ ಅಳೆ. ಆನ್‌ಲೈನ್ ಚಾರ್ಟ್ ಕೊಟ್ಟಿರೋದು ಮೈ ಅಳತೆನೋ ಬಟ್ಟೆ ಅಳತೆನೋ ನೋಡ್ಕೋ. ಅರ್ಧ ವಾಪಸ್ಸುಗಳು ಅಲ್ಲೇ ಹುಟ್ಟೋದು ಅನ್ನೋದು ನನ್ನ ಗುಮಾನಿ.

ನೂರಕ್ಕೆ 98 ಹತ್ತಿ, 2 ಎಲಾಸ್ಟೇನ್ ಅನ್ನೋ ಹಿಗ್ಗೋ ನೂಲು ಇರೋ ಬಟ್ಟೆ ಅರ್ಧ ದಿನ ಹಾಕಿದರೆ ಸೊಂಟದಲ್ಲಿ ಅರ್ಧದಿಂದ ಒಂದಿಂಚು ಬಿಡುತ್ತೆ. ಹೊಸದರಲ್ಲಿ ಹಿತವಾಗಿ ಬಿಗಿಯಿರಲಿ, ಪಟ್ಟಿಯೊಳಗೆ ಎರಡು ಬೆರಳು ಹೋಗಲಿ. ಹಾಕ್ಕೊಂಡು ಕುಕ್ಕರುಗಾಲಲ್ಲಿ ಕೂತು ನೋಡು. ಕವೆಯಿಂದ ಮೀಸೆ ಥರ ಅಡ್ಡಗೆರೆ ಹೊರಟರೆ ಬಿಗಿ, ಒಂದು ಸೈಜ್ ಮೇಲೆ ಹೋಗು. ಸೀಟಿನ ಕೆಳಗೆ ಬಟ್ಟೆ ಜೋತರೆ ದೊಡ್ಡದು. ತೊಡೆಯ ಹೊರಮೈ ಜುಂ ಅಂದರೆ ಬಿಚ್ಚಿಬಿಡು, ತೊಡೆಸಂದಿಯಲ್ಲಿ ನರ ಒತ್ತಿಕೊಂಡಿರುತ್ತೆ. 2015ರಲ್ಲಿ ಆಸ್ಟ್ರೇಲಿಯಾದ ವೈದ್ಯರು ವರದಿ ಮಾಡಿದ ಒಬ್ಬ ಹೆಂಗಸು ಸ್ಕಿನ್ನಿ ಜೀನ್ಸಲ್ಲಿ ಗಂಟೆಗಟ್ಟಲೆ ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡಿ, ಕಾಲು ಊದಿ, ಜೀನ್ಸನ್ನ ಕತ್ತರಿಸಿಯೇ ತೆಗೆಯಬೇಕಾಯ್ತು.

ಮುಖ್ಯವಾದದ್ದು ಇದು: ತೊಡೆಗೆ ಸರಿಹೋಗೋ ಸೈಜ್ ತಗೋ. ಹಿಂದೆ ಸೊಂಟ ಬಾಯಿ ಬಿಟ್ಟರೆ ದರ್ಜಿ ನಡುಹೊಲಿಗೆ ಬಿಚ್ಚಿ ಒಂದಿಂಚು ಹಿಡೀತಾನೆ. ತೊಡೆ ಬಿಗಿಯಾದರೆ ಯಾರೂ ಬಿಡಿಸಲಾರರು, ಹೊಲಿಗೆಯೊಳಗೆ ಬಿಡೋಕೆ ಬಟ್ಟೆನೇ ಇರಲ್ಲ.

ಅಲ್ಲೇ ಕಣೋ ನಾನು ನಿಂತುಬಿಟ್ಟೆ. ನೀನು ಕಳಿಸಿದ ಅಳತೆಯಲ್ಲಿ ತೊಡೆ 20 ಇಂಚು. ನನ್ನ ಹಳೇ ಅಳತೆ ಬುಕ್ಕಿನಲ್ಲಿ ಅದೇ ತೊಡೆ 23. ಸೊಂಟ ಇಳಿದರೆ ಡಯಟ್ ಅನ್ನಬಹುದು. ಇಷ್ಟು ಬೇಗ ತೊಡೆ ಯಾಕೆ ಕರಗಿತು? ರಾತ್ರಿ ಅಡುಗೆ ಮಾಡ್ಕೋತೀಯಾ? ಮನೆಯಲ್ಲಿ ಒಬ್ಬನೇ ಆದಮೇಲೆ ನಿನಗೆ ಫೋನ್ ಮಾಡೋಕೆ ನನಗೆ ಅಳುಕು, ಮಾತು ಎಲ್ಲಿಂದ ಎತ್ತೋದು ತಿಳಿಯಲ್ಲ. ರೈಸು, ಕಾಲಂಚು ಮಡಿಸೋ ಹೆಮ್ಮು ಅಂದ್ರೆ ಮಾತು ಸಲೀಸು, ಅದಕ್ಕೇ ಇಷ್ಟುದ್ದ ಬರೆದೆ.

ಸಾಕು ಬಿಡು. ಟೇಪ್ ಹಿಡಿಯೋನು ಡಾಕ್ಟರಾಗೋಕೆ ಹೊರಡಬಾರದು.

ಹೆಮ್ ಮಾಡಿಸೋ ಮೊದಲು ಒಂದ್ಸಲ ತಣ್ಣೀರಲ್ಲಿ ಒಗೆದು ನೆರಳಲ್ಲಿ ಒಣಗಿಸು. ಡ್ರೈಯರ್ ಬೇಡ, ಆ ಬಿಸಿಗೆ ಎಲಾಸ್ಟೇನ್ ಸೋತು ಮಂಡಿ ಜೋಲುತ್ತೆ. ಆರ್ಡರ್ ಮಾತ್ರ ಈಗಲೇ ಮಾಡಬೇಡ. ಭಾನುವಾರ ಮನೆಗೆ ಬಾ, ಅಕ್ಕಿರೊಟ್ಟಿ ಇರುತ್ತೆ. ಸೊಂಟದ ಅಳತೆ ಊಟ ಆದಮೇಲೇ ತೆಗೀಬೇಕು.