ಮಾಡಿನ ಕೆಳಗಿನ ಮಾತು

ನಗೋಯಾ, ಜಪಾನ್

ತೀರ್ಥರೂಪರಾದ ಅಪ್ಪನವರಿಗೂ ಅಮ್ಮನಿಗೂ ಮಗಳ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ಅಮ್ಮಾ, ನಾನು ಕಳುಹಿಸಿದ ಫೋಟೋ ನೋಡಿ, ಕಲ್ಲುಕಟ್ಟೆಯ ಮೇಲಿರುವ ಆ ಪುಟ್ಟ ಗುಡಿಯಲ್ಲಿ ಯಾವ ದೇವರು ಎಂದು ನೀನು ಕೇಳಿದ್ದೆ. ಫೋನಿನಲ್ಲಿ ಒಂದೇ ಮಾತಿನಲ್ಲಿ ಮುಗಿಸಲು ಮನಸ್ಸಾಗಲಿಲ್ಲ. ಅದರೊಳಗೆ ದೇವರಿಲ್ಲ, ನೋಟಿಸ್ ಬೋರ್ಡ್ ಇದೆ. ಎರಡು ಕಂಬ, ಮೇಲೆ ಎರಡೂ ಕಡೆಗೆ ಇಳಿಯುವ ಮರದ ಮಾಡು, ಅದರಡಿ ಸಾಲಾಗಿ ತೂಗುಹಾಕಿದ ಹಲಗೆಗಳು, ಯಾರೂ ಹತ್ತದಂತೆ ಸುತ್ತ ಒಂದು ಬೇಲಿ. ಇದನ್ನು ಇಲ್ಲಿ ಕೋಸಾತ್ಸು ಎನ್ನುತ್ತಾರೆ. ಎದೋ ಕಾಲದಲ್ಲಿ, ಎಂದರೆ 1603ರಿಂದ 1868ರವರೆಗೆ ಶೋಗನ್‌ಗಳೆಂಬ ಸೇನಾಧಿಪತಿಗಳು ಆಳುತ್ತಿದ್ದಾಗ, ಸರ್ಕಾರ ತನ್ನ ಆಜ್ಞೆಗಳನ್ನು ಹಲಗೆಯ ಮೇಲೆ ಮಸಿಯಲ್ಲಿ ಬರೆಸಿ ಊರ ಬಾಗಿಲಿನಲ್ಲಿ, ಸೇತುವೆಯ ಬಳಿ, ದಾರಿ ಕೂಡುವಲ್ಲಿ ಹೀಗೆ ನಿಲ್ಲಿಸುತ್ತಿತ್ತು.

ಫೋಟೋದಲ್ಲಿರುವುದು ಮಾಗೊಮೆ ಎಂಬ ಊರಿನದು. ನಗೋಯಾದಿಂದ ರೈಲಿನಲ್ಲಿ ನಕಾತ್ಸುಗಾವಾಕ್ಕೆ ಹೋಗಿ ಅಲ್ಲಿಂದ ಬಸ್ ಹಿಡಿಯಬೇಕು. ಎದೋ, ಎಂದರೆ ಈಗಿನ ಟೋಕಿಯೊ, ಅಲ್ಲಿಂದ ಬೆಟ್ಟಗಳ ನಡುವೆ ಕ್ಯೋಟೋಗೆ ಹೋಗುತ್ತಿದ್ದ ನಕಸೆಂದೋ ಎಂಬ ಹೆದ್ದಾರಿಯಲ್ಲಿ 69 ತಂಗುದಾಣಗಳಿದ್ದವು. ಮಾಗೊಮೆ 43ನೆಯದು, ಘಟ್ಟದ ಆಚೆಗಿನ ತ್ಸುಮಾಗೊ 42ನೆಯದು. ಇವೆರಡರ ನಡುವಿನ ಸುಮಾರು 8 ಕಿಲೋಮೀಟರ್ ಹಳೆಯ ಕಾಲುದಾರಿಯನ್ನು ಇಂದಿಗೂ ನಡೆಯಬಹುದು. ಮಾಗೊಮೆಯ ಕಲ್ಲುಹಾಸಿನ ಬೀದಿಯನ್ನು ಏದುಸಿರು ಬಿಡುತ್ತಾ ಹತ್ತಿ ಮುಗಿಸುವ ಹೊತ್ತಿಗೆ ಈ ಫಲಕ ಎದುರಾಗುತ್ತದೆ. ಜಾಗ ಆರಿಸಿದವನು ಬುದ್ಧಿವಂತ. ಬೇಡವೆಂದರೂ ಅಲ್ಲಿ ಕಾಲು ನಿಲ್ಲುತ್ತದೆ.

ಅಂದ ನೋಡಿ ಮರುಳಾಗಿ ಹತ್ತಿರ ಹೋದವಳಿಗೆ ಪಕ್ಕದ ವಿವರಣೆ ಓದಿದಾಗ ಬೆವರು ಬಂತು. ಒಂದು ಹಲಗೆ ಕ್ರೈಸ್ತ ಮತವನ್ನು ನಿಷೇಧಿಸುತ್ತದೆ: ಪಾದ್ರಿಯನ್ನು ಹಿಡಿದುಕೊಟ್ಟವರಿಗೆ 500 ಬೆಳ್ಳಿ ನಾಣ್ಯ, ಅವನ ಕೈಕೆಳಗಿನ, ಮಠದ ‘ಬ್ರದರ್’ ಎನ್ನುವವನನ್ನು ಹಿಡಿದುಕೊಟ್ಟರೆ 300. ಇನ್ನೊಂದು ಹಲಗೆ ವಿಷ, ನಕಲಿ ಔಷಧ, ಖೋಟಾ ನಾಣ್ಯಗಳ ಬಗ್ಗೆ ಗದರಿಸುತ್ತದೆ. ಮಗುದೊಂದು ಹಲಗೆಯದು ಹಿರಿಯರ ದನಿ: ತಂದೆ ಮಕ್ಕಳು, ಅಣ್ಣ ತಮ್ಮಂದಿರು, ಗಂಡ ಹೆಂಡತಿ ಅನ್ಯೋನ್ಯವಾಗಿರಿ, ಮನೆಯ ಆಳುಗಳ ಮೇಲೆ ಕರುಣೆ ಇರಲಿ, ಜೂಜು ಕೂಡದು. ಇವುಗಳ ಜೊತೆಗೇ, ಇಲ್ಲಿಂದ ಮುಂದಿನ ತಂಗುದಾಣಕ್ಕೆ ಹೊರೆಕುದುರೆಗೆ ಎಷ್ಟು, ಕೂಲಿಯಾಳಿಗೆ ಎಷ್ಟು ಎಂಬ ದರಪಟ್ಟಿ. ದಾರಿಹೋಕನನ್ನು ಯಾರೂ ಸುಲಿಯಬಾರದಲ್ಲ! ತಲೆ ತೆಗೆಯುವ ಸರ್ಕಾರವೇ ಕುದುರೆ ಬಾಡಿಗೆಯಲ್ಲಿ ಮೋಸವಾಗದಂತೆ ಕಾಯುತ್ತಿತ್ತು. ಈ ಆಜ್ಞೆಗಳಲ್ಲಿ ಮುಖ್ಯವಾದವು 1711ರಲ್ಲಿ ಹೊರಟವು. ಶೋಗನ್ ಆಳ್ವಿಕೆ ಮುಗಿಯುವವರೆಗೂ ಅದೇ ಒಕ್ಕಣೆ ನಡೆದುಕೊಂಡು ಬಂತು. ಬಿಸಿಲಿಗೆ ಅಕ್ಷರ ಮಾಸಿದರೆ ಅದರ ಮೇಲೆಯೇ ಮತ್ತೆ ಮಸಿ ತುಂಬಿಸುತ್ತಿದ್ದರಂತೆ. ಆದರೆ ಅಪ್ಪಣೆ ಇಲ್ಲದೆ ಯಾರೂ ಕುಂಚ ಮುಟ್ಟುವಂತಿರಲಿಲ್ಲ.

ಇಲ್ಲಿ ನನ್ನ ಅನುಮಾನವೊಂದನ್ನು ಹೇಳುತ್ತೇನೆ, ತಮ್ಮ ನಗಬಹುದು. ಈ ಮಾಡು ಮಳೆಗೆ ಮಾತ್ರ ಕಟ್ಟಿದ್ದಲ್ಲ. ಬರೀ ಕಂಬಕ್ಕೆ ಹೊಡೆದ ಹಲಗೆಯನ್ನು ಜನ ಓದುತ್ತಾರೆ, ಮುಂದೆ ಹೋಗುತ್ತಾರೆ. ಅದಕ್ಕೇ ಒಂದು ಸೂರು ಕಟ್ಟಿ, ಕೆಳಗೆ ಕಟ್ಟೆ ಕಟ್ಟಿ, ತಲೆಯೆತ್ತಿ ನೋಡುವ ಎತ್ತರದಲ್ಲಿ ಇಟ್ಟರೆ ಮಾತಿಗೆ ಗದ್ದುಗೆ ಸಿಕ್ಕಂತಾಗುತ್ತದೆ. ಅಮ್ಮ ಗುಡಿ ಎಂದುಕೊಂಡದ್ದರಲ್ಲಿ ತಪ್ಪಿಲ್ಲ. ಕಟ್ಟಿಸಿದವರಿಗೆ ಬೇಕಿದ್ದದ್ದೂ ಅದೇ.

ಅಪ್ಪಾ, ಇನ್ನು ನಿಮ್ಮ ವಿಷಯಕ್ಕೆ ಬರುತ್ತೇನೆ. ಮರ ಯಾವುದು ಎಂದು ನೀವು ಕೇಳಿಯೇ ಕೇಳುತ್ತೀರಿ. ಈ ಕಿಸೊ ಕಣಿವೆ ಹಿನೋಕಿ ಮರಕ್ಕೆ ಹೆಸರುವಾಸಿ. ತಿಳಿ ಬಣ್ಣ, ನೇರ ಎಳೆ, ಕೊರೆದರೆ ನಿಂಬೆಯ ಹಾಗೆ ಒಂದು ಪರಿಮಳ, ಬೇಗ ಕೊಳೆಯುವುದೂ ಇಲ್ಲ. ಅಂದು ಈ ಕಾಡು ಓವಾರಿ ಸಂಸ್ಥಾನದ್ದು. ಹಿನೋಕಿಯೂ ಸೇರಿ ಐದು ಜಾತಿಯ ಮರಗಳನ್ನು ಜನ ಕಡಿಯುವಂತಿರಲಿಲ್ಲ. ‘ಒಂದು ಮರಕ್ಕೆ ಒಂದು ತಲೆ’ ಎಂಬ ಮಾತು ಇಲ್ಲಿ ಇಂದಿಗೂ ಜನರ ಬಾಯಲ್ಲಿದೆ.

ಎಂಥ ಮರವಾದರೂ ಅದರ ಶತ್ರು ನೀರೇ. ಅದರಲ್ಲೂ ಅಡ್ಡ ಕೊಯ್ದ ತುದಿಗಳು ನೀರನ್ನು ಹೀರಿಕೊಳ್ಳುತ್ತವೆ. ಆದ್ದರಿಂದ ಕಂಬದ ನೆತ್ತಿ ಮಾಡಿನ ಒಳಗೆ ಅಡಗಿರಬೇಕು, ಹಲಗೆಯ ಅಂಚು ಸೂರಿನ ನೆರಳಿನಲ್ಲಿರಬೇಕು, ಕಂಬದ ಬುಡ ಮಣ್ಣು ಮುಟ್ಟದೆ ಕಲ್ಲಿನ ಮೇಲೆ ಕೂತಿರಬೇಕು. ಸೂರು ಹಲಗೆಗಿಂತ ಎಷ್ಟು ಮುಂದೆ ಚಾಚಿದೆ ಎಂದು ನೋಡಿದರೇ ಬಡಗಿ ಎಂಥವನು ಎಂದು ಹೇಳಬಹುದು. ಮೋಟು ಮಾಡು ನೋಡಲು ಮಾತ್ರ, ಇರಚಲಿಗೆ ತಡೆಯಲ್ಲ.

ದಾರಿಯಲ್ಲಿ ಒಂದು ಹಳೆಯ ಮನೆಯ ಜಗಲಿಯ ಮೇಲೆ ಮಸಿಯಲ್ಲಿ ಬರೆದ ಹಲಗೆಯೊಂದು ತೂಗುತ್ತಿತ್ತು. ಸರ್ಕಾರದ್ದಲ್ಲ, ಯಾವುದೋ ಅಂಗಡಿಯದ್ದಿರಬೇಕು. ಮಸಿ ಹೆಚ್ಚುಕಡಿಮೆ ಅಳಿಸಿಹೋಗಿದೆ, ಆದರೂ ಓದಬಹುದು. ಹೇಗೆಂದರೆ ಅಕ್ಷರಗಳು ಉಬ್ಬಿ ನಿಂತಿವೆ! ಮೇಲೆ ಬೆರಳಾಡಿಸಿ ನೋಡಿದೆ, ಕೆತ್ತಿದ್ದಲ್ಲ. ಮಸಿ ಎಂದರೆ ಹೊಗೆಯ ಕಪ್ಪು ಮತ್ತು ಅಂಟು. ಅದು ಬಿದ್ದ ಕಡೆ ಬಿಸಿಲು ಮರವನ್ನು ತಿನ್ನಲು ಬಿಡುವುದಿಲ್ಲ. ಸುತ್ತಲಿನ ಬರೀ ಮರ ವರ್ಷವರ್ಷ ತುಸುವೇ ಸವೆಯುತ್ತಾ ಹೋಗಿ ಅಕ್ಷರದ ಜಾಗ ಮಾತ್ರ ದಿಬ್ಬವಾಗಿ ಉಳಿಯುತ್ತದೆ. ಅದರ ನಡುವೆ ಮರದ ಗಟ್ಟಿ ಎಳೆಗಳು ಬೇರೆ ಗೆರೆಗೆರೆಯಾಗಿ ಎದ್ದಿದ್ದವು. ನೀವು ಇದ್ದಿದ್ದರೆ ಆ ಮನೆಯ ಮುಂದೆಯೇ ಮಧ್ಯಾಹ್ನ ಕಳೆಯುತ್ತಿತ್ತು.

ಮಾಗೊಮೆಯಲ್ಲೂ ತ್ಸುಮಾಗೊದಲ್ಲೂ ಈಗ ನಿಂತಿರುವ ಕೋಸಾತ್ಸು ಮೂಲದವಲ್ಲ, ಮರುನಿರ್ಮಾಣ. 1873ರಲ್ಲಿ, ಶೋಗನ್‌ಗಳ ನಂತರ ಬಂದ ಹೊಸ ಮೇಜಿ ಸರ್ಕಾರ ಎಲ್ಲಾ ಹಲಗೆಗಳನ್ನು ಇಳಿಸಲು ಆದೇಶ ಹೊರಡಿಸಿತು. ಅಲ್ಲಿಗೆ ಕ್ರೈಸ್ತ ಮತದ ನಿಷೇಧದ ಹಲಗೆಯೂ ಇಳಿಯಿತು. ಮಾಗೊಮೆಯ ಹಳೆಯ ಮನೆಗಳೋ 1895ರ ಮತ್ತು 1915ರ ಬೆಂಕಿಯಲ್ಲಿ ಸುಟ್ಟುಹೋದವು. ನಕಲು ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಶೋಗನ್‌ಗಳ ಕಾಲದಲ್ಲೂ ಹಲಗೆ ಕೊಳೆತರೆ ಹೊಸದು ಹಾಕುತ್ತಿದ್ದರು ತಾನೆ? ಇಷ್ಟೇ ವ್ಯತ್ಯಾಸ: ಇಂದು ಅದನ್ನು ಓದುವವರಿಲ್ಲ. ನನ್ನ ಜೊತೆ ಬಂದಿದ್ದ ಜಪಾನಿ ಸಹೋದ್ಯೋಗಿಗೂ ಆ ಹಳೆಯ ಬರಹದಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಮಾತ್ರ ಸಿಕ್ಕಿತು.

ಊರು ದಾಟಿ ಕಾಡು ಸೇರಿದ ಮೇಲೆ ಈ ಕಾಲದ ಫಲಕಗಳು ಶುರುವಾಗುತ್ತವೆ. ಅವಕ್ಕೂ ಮಾಡು ತಪ್ಪಿದ್ದಲ್ಲ. ಮರದ ಚೌಕಟ್ಟಿಗೆ ತೂಗುಬಿಟ್ಟ ದೊಡ್ಡ ಗಂಟೆ, ಪಕ್ಕದಲ್ಲಿ ‘ಕರಡಿ ಇದೆ, ಜೋರಾಗಿ ಬಾರಿಸಿ’ ಎಂಬ ಸೂಚನೆ. ಅಜ್ಜಿಗೆ ಇದನ್ನು ಹೇಳಬೇಡಿ, ಮತ್ತೆ ನನ್ನನ್ನು ಮನೆಯಿಂದ ಹೊರಗೆ ಬಿಡುವುದಿಲ್ಲ! ಹಗ್ಗ ಹಿಡಿದು ಬಾರಿಸಿದರೆ ಸದ್ದು ಕಣಿವೆಯಲ್ಲೆಲ್ಲ ಮೊಳಗುತ್ತದೆ. ದೊಡ್ಡವರೂ ಮಕ್ಕಳಂತೆ ಸರದಿ ನಿಂತು ಬಾರಿಸುತ್ತಾರೆ.

ಎತ್ತರದ ಬೆಟ್ಟಗಳ ಬುಡದಲ್ಲಿ ಇರುವವು ಇನ್ನೂ ಮುಖ್ಯ. ಅಲ್ಲಿ ನಕ್ಷೆಯ ಪಕ್ಕ ಒಂದು ಪೆಟ್ಟಿಗೆ ಇರುತ್ತದೆ. ಹತ್ತುವವರು ತಮ್ಮ ಹೆಸರು, ಹೋಗುವ ದಾರಿ, ಮರಳುವ ದಿನ ಬರೆದು ಅದರಲ್ಲಿ ಹಾಕಬೇಕು. ಇದೇ ಕಿಸೊ ಸೀಮೆಯ ಒಂಟಾಕೆ ಎಂಬ ಜ್ವಾಲಾಮುಖಿ 2014ರ ಸೆಪ್ಟೆಂಬರ್ 27ರಂದು, ಶನಿವಾರ ಮಧ್ಯಾಹ್ನಕ್ಕೆ ಮುಂಚೆ, ಚಾರಣಿಗರು ಶಿಖರದಲ್ಲಿ ತುಂಬಿದ್ದಾಗ ಸಿಡಿಯಿತು. ಸತ್ತವರು, ಕಾಣೆಯಾದವರು ಸೇರಿ 63 ಮಂದಿ. ಚೀಟಿ ಹಾಕಿ ಹೋದವರು ಕಡಿಮೆಯಿದ್ದರು, ಮೇಲೆ ಯಾರು ಯಾರಿದ್ದರು ಎಂದು ತಿಳಿಯುವುದೇ ಕಷ್ಟವಾಯಿತು. ಆಮೇಲೆ ನಗಾನೋ ಪ್ರಾಂತ್ಯ ಕಾನೂನು ಮಾಡಿ, 2016ರಿಂದ ಗೊತ್ತುಮಾಡಿದ ಬೆಟ್ಟಗಳಿಗೆ ಈ ಚೀಟಿಯನ್ನು ಕಡ್ಡಾಯ ಮಾಡಿತು. ಈಗ ಆನ್‌ಲೈನಿನಲ್ಲೂ ತುಂಬಬಹುದು, ಆದರೂ ಪೆಟ್ಟಿಗೆ ಇದೆ, ದಾರಕ್ಕೆ ಕಟ್ಟಿದ ಪೆನ್ಸಿಲ್ ಇದೆ, ಹಾಳೆ ನೆನೆಯದಂತೆ ಮೇಲೊಂದು ಮಾಡೂ ಇದೆ. ಹಿಂದಿನ ಫಲಕ ಪಕ್ಕದವನ ಸುದ್ದಿ ಹೇಳು ಎನ್ನುತ್ತಿತ್ತು, ಇಂದಿನದು ನಿನ್ನ ಸುದ್ದಿ ಹೇಳಿ ಹೋಗು ಎನ್ನುತ್ತದೆ.

ತ್ಸುಮಾಗೊದ ಕೋಸಾತ್ಸು ಊರಿನ ಆಚೆಯ ತುದಿಯಲ್ಲಿ, ನೀರಿನ ರಾಟೆಯ ಹತ್ತಿರ ಇದೆ. ಅಲ್ಲಿಗೆ ಹೋಗಬೇಕಾದರೆ ಇಡೀ ಊರು ನಡೆಯಬೇಕು. ಹಗಲಲ್ಲಿ ಮುಖ್ಯ ಬೀದಿಗೆ ಕಾರು ಬರುವಂತಿಲ್ಲ. ವಿದ್ಯುತ್ ಕಂಬಗಳನ್ನು ಮನೆಗಳ ಹಿಂದಕ್ಕೆ ಸರಿಸಿದ್ದಾರೆ. 1971ರಲ್ಲಿ ಊರಿನವರೇ ಸೇರಿ ಮನೆಗಳನ್ನು ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ ಎಂದು ಕಟ್ಟುಪಾಡು ಮಾಡಿಕೊಂಡರಂತೆ. ಹಿಂದಿನ ಶೋಗನ್‌ನ ಆಜ್ಞೆಗಳು ಊರಿಗೆ ಹೇರಿದವು, ಇದು ಊರು ತನಗೆ ತಾನೇ ಹಾಕಿಕೊಂಡದ್ದು.

ನಾನಿರುವ ಬೀದಿಯ ಮೂಲೆಯಲ್ಲೂ ಒಂದು ಫಲಕವಿದೆ, ಓಣಿಯ ನಿವಾಸಿಗಳ ಸಂಘದ್ದು. ತಗಡಿನ ಸಣ್ಣ ಮಾಡು, ಸರಿಸುವ ಗಾಜು, ಒಳಗೆ ಹಸಿರು ಬಟ್ಟೆ ಹೊದಿಸಿದ ಹಲಗೆ. ಯಾವ ದಿನ ಯಾವ ಕಸ, ಅಗ್ನಿಶಾಮಕ ಕವಾಯತು ಯಾವಾಗ, ಬೇಸಿಗೆ ರಜೆಯಲ್ಲಿ ಮಕ್ಕಳ ಬೆಳಗಿನ ರೇಡಿಯೋ ವ್ಯಾಯಾಮ ಎಲ್ಲಿ. ಅದನ್ನು ನೋಡಿಕೊಳ್ಳುವ ವೃದ್ಧೆಯೊಬ್ಬರು ಪಿನ್ನನ್ನು ನಾಲ್ಕೂ ಮೂಲೆಗೆ ಚುಚ್ಚಿ, ಒಂದು ಹೆಜ್ಜೆ ಹಿಂದೆ ಸರಿದು ಹಾಳೆ ಸೊಟ್ಟಗಿದೆಯೇ ಎಂದು ನೋಡುತ್ತಾರೆ. ಸೊಟ್ಟಗಿದ್ದರೆ ಕಿತ್ತು ಮತ್ತೆ ಚುಚ್ಚುತ್ತಾರೆ. ತಾರೀಖು ಮುಗಿದ ಹಾಳೆ ಮರುದಿನ ಅಲ್ಲಿ ಇರುವುದಿಲ್ಲ. ಯಾವ ಫಲಕಕ್ಕೂ ಇದಕ್ಕಿಂತ ದೊಡ್ಡ ಯೋಗ್ಯತೆ ಬೇಡ ಎನ್ನಿಸುತ್ತದೆ. ಹಳೆಯ ಹಾಳೆಗಳ ಮೇಲೆ ಹೊಸ ಹಾಳೆ ಅಂಟಿಸುತ್ತಾ ಹೋದರೆ ಜನ ಆ ಕಡೆ ನೋಡುವುದನ್ನೇ ಬಿಡುತ್ತಾರೆ.

ವಸಂತದಲ್ಲಿ ನೀವಿಬ್ಬರೂ ಬರುತ್ತೀರಲ್ಲ, ಆಗ ಈ ದಾರಿಗೆ ಕರೆದುಕೊಂಡು ಹೋಗುತ್ತೇನೆ. ಅಮ್ಮನ ಮೊಣಕಾಲಿನ ಚಿಂತೆ ಬೇಡ. ಮಾಗೊಮೆಯ ಫಲಕ ನೋಡಿದ ಮೇಲೆ ಘಟ್ಟದ ನೆತ್ತಿಯವರೆಗೆ ಬಸ್ ಇದೆ. ಅಲ್ಲಿಂದ ತ್ಸುಮಾಗೊಗೆ ಹೆಚ್ಚಾಗಿ ಇಳಿಜಾರೇ, ನಡುವೆ ಚಹಾ ಕೊಡುವ ಒಂದು ಹಳೆಯ ಮನೆಯೂ ಇದೆ. ಹಿಡಿತವಿರುವ ಬೂಟು ತರಲು ಮರೆಯಬೇಡಿ, ಕಲ್ಲುಹಾಸು ಮಳೆಯಲ್ಲಿ ಜಾರುತ್ತದೆ. ಅಪ್ಪ ಅಳತೆ ಟೇಪು ತರಲಿ. ವೀಸಾಕ್ಕೆ ಬೇಕಾದ ನನ್ನ ಕಡೆಯ ಕಾಗದಗಳನ್ನು ಈ ವಾರವೇ ಕಳುಹಿಸುತ್ತೇನೆ.

ಇಂತಿ ನಿಮ್ಮ ಪ್ರೀತಿಯ
ಮಗಳು