ಉಂಗುರ ಬರೆಯುವ ಮುಂಚೆ ವೇಫರ್ ನೋಡು

ಕ್ಷೇಮ
ಅಡಿಲೇಡ್

ಚಿ. ಸುಹಾಸನಿಗೆ ಅಕ್ಕನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಅಪ್ಪ ಅಮ್ಮನಿಗೆ ನಮಸ್ಕಾರ ಹೇಳು.

ನೀನು ಕಳಿಸಿದ ಟೆರಾಹರ್ಟ್ಸ್ ಮೆಟಾಮೆಟೀರಿಯಲ್ ವಿನ್ಯಾಸ ನೋಡಿದೆ, ಅಂದರೆ ಮೈಕ್ರೋವೇವಿಗೂ ಇನ್‌ಫ್ರಾರೆಡ್ಡಿಗೂ ನಡುವಿನ ಅಲೆಗಳಿಗೆ ಸ್ಪಂದಿಸುವ ಉಂಗುರಗಳ ಹಾಳೆ. 36 ಮೈಕ್ರಾನ್ ಚೌಕದ ಚಿನ್ನದ ಉಂಗುರ, 4 ಮೈಕ್ರಾನ್ ಅಗಲದ ಗೆರೆ, ಒಂದು ಬದಿಯಲ್ಲಿ 2 ಮೈಕ್ರಾನ್ ಸೀಳು, 50 ಮೈಕ್ರಾನಿಗೊಂದರಂತೆ ಸಾಲು. ಉಂಗುರ ಇಂಡಕ್ಟರ್, ಸೀಳು ಕೆಪಾಸಿಟರ್. ಎರಡೂ ಸೇರಿ ಮಿಡಿಯುವ ಅನುರಣನ ಸಿಲಿಕಾನ್ ಮೇಲೆ 0.5 ಟೆರಾಹರ್ಟ್ಸ್ ಆಸುಪಾಸು ಬೀಳುತ್ತದೆ, ಹಾದುಬಂದ ಸಿಗ್ನಲ್ಲಿನಲ್ಲಿ ಅಲ್ಲೊಂದು ತಗ್ಗು ಕಾಣುತ್ತದೆ. ಅಲ್ಲಿ ಅಲೆಯುದ್ದ 600 ಮೈಕ್ರಾನ್. ಅಷ್ಟು ಉದ್ದದ ಅಲೆಗೆ ಬಿಡಿ ಉಂಗುರ ಕಾಣುವುದಿಲ್ಲ, ಇಡೀ ಹಾಳೆ ಒಂದೇ ವಸ್ತುವಿನಂತೆ ಕಾಣುತ್ತದೆ. ಒಂದು ಸೆಂಟಿಮೀಟರ್ ಚೌಕದಲ್ಲಿ 40,000 ಉಂಗುರ ಹಿಡಿಯುತ್ತವೆ, ಬೀಮಿಗೆ ಧಾರಾಳ. ವಿನ್ಯಾಸದಲ್ಲಿ ತಿದ್ದುವಂಥದ್ದು ಏನೂ ಇಲ್ಲ.

ನನ್ನ ತಕರಾರಿರುವುದು ವೇಫರ್ ಬಗ್ಗೆ, ಅಂದರೆ ಉಂಗುರ ಕೂರುವ ಸಿಲಿಕಾನ್ ಬಿಲ್ಲೆಯ ಬಗ್ಗೆ. ಲ್ಯಾಬಿನಲ್ಲಿ ಬಿದ್ದಿರುವ ಮಾಮೂಲಿ 1ರಿಂದ 10 ಓಮ್-ಸೆಂಟಿಮೀಟರ್ ವಿದ್ಯುತ್ ರೋಧಕತೆಯ ಸಿಲಿಕಾನ್ ಬೇಡವೇ ಬೇಡ. ಅದರೊಳಗಿನ ಎಲೆಕ್ಟ್ರಾನುಗಳೇ ಟೆರಾಹರ್ಟ್ಸನ್ನು ನುಂಗುತ್ತವೆ. 5,000 ಓಮ್-ಸೆಂಟಿಮೀಟರಿಗಿಂತ ಮೇಲಿನ ಫ್ಲೋಟ್ ಝೋನ್ ಸಿಲಿಕಾನ್ (ಅತಿ ಶುದ್ಧವಾಗಿ ಬೆಳೆಸಿದ್ದು) ಕೇಳು, ಎರಡೂ ಮೈ ಪಾಲಿಶ್ ಆಗಿರಲಿ. ದಪ್ಪ ಇನ್ನೂ ಮುಖ್ಯ. 500 ಮೈಕ್ರಾನ್ ವೇಫರಿನ ಹಿಂದಿನ ಮೈಗೆ ಬಡಿದ ಟೆರಾಹರ್ಟ್ಸ್ ಪಲ್ಸ್ ಒಳಗೇ ಹೋಗಿ ಬಂದು, ವಕ್ರೀಭವನ ಸೂಚ್ಯಂಕ 3.42 ಆದ್ದರಿಂದ, 11.4 ಪಿಕೋಸೆಕೆಂಡ್ ತಡವಾಗಿ ಪ್ರತಿಧ್ವನಿಯಾಗಿ ಬರುತ್ತದೆ. ಅದಕ್ಕೂ ಮುಂಚೆ ಸಿಗ್ನಲ್ ಕತ್ತರಿಸಿದರೆ ಆವರ್ತನದ ವಿವರ ಸುಮಾರು 88 ಗಿಗಾಹರ್ಟ್ಸಿಗೆ ನಿಲ್ಲುತ್ತದೆ, ಚೂಪಾದ ತಗ್ಗು ಮೊಂಡಾಗಿಬಿಡುತ್ತದೆ. ಕತ್ತರಿಸದಿದ್ದರೆ ಪ್ರತಿ 88 ಗಿಗಾಹರ್ಟ್ಸಿಗೊಂದು ಏರಿಳಿತ. ಬರಿ ಸಿಲಿಕಾನಿನ ಅಳತೆಯಿಂದ ಭಾಗಿಸಿದರೂ ಅದು ಪೂರ್ತಿ ಹೋಗದು, ಯಾಕೆಂದರೆ ಚಿನ್ನ ಕೂತ ಮೈಯ ಪ್ರತಿಫಲನವೇ ಬೇರೆ. ಕತ್ತರಿಸಿದ ಸಿಗ್ನಲ್ಲಿನ ಕೊನೆಗೆ ಸೊನ್ನೆ ಸೇರಿಸಿ ರೇಖೆಯನ್ನು ನುಣುಪು ಮಾಡುವವರಿದ್ದಾರೆ. ಕಣ್ಣಿಗೆ ಚೆಂದ, ಮಾಹಿತಿ ಒಂದಿಷ್ಟೂ ಹೆಚ್ಚುವುದಿಲ್ಲ. 2 ಮಿಲಿಮೀಟರ್ ದಪ್ಪದ್ದು ಸಿಕ್ಕರೆ ಅದೇ 88, 22ಕ್ಕೆ ಇಳಿಯುತ್ತದೆ.

ಹೋಲಿಕೆಗೆ ಇಡುವ ಬರಿ ಸಿಲಿಕಾನಿನ ರೆಫರೆನ್ಸ್ ತುಂಡನ್ನೂ ಅದೇ ವೇಫರಿನಿಂದ ಕತ್ತರಿಸು. 5 ಮೈಕ್ರಾನ್ ದಪ್ಪದ ವ್ಯತ್ಯಾಸಕ್ಕೇ 1 ಟೆರಾಹರ್ಟ್ಸಿನಲ್ಲಿ 14 ಡಿಗ್ರಿಗೂ ಮೀರಿ ಫೇಸ್ ತಪ್ಪುತ್ತದೆ.

ತಯಾರಿಕೆಗೆ ನೆಗೆಟಿವ್ ರೆಸಿಸ್ಟ್ (ಬೆಳಕು ಬಿದ್ದಲ್ಲಿ ಗಟ್ಟಿಯಾಗಿ ಉಳಿಯುವ ಲೇಪ) ಬಳಸು, ಗೋಡೆಯ ಬುಡ ಒಳಕ್ಕೆ ಸರಿದಿರಬೇಕು. ಮಾಮೂಲಿ ಪಾಸಿಟಿವ್ ರೆಸಿಸ್ಟಿನ ಇಳಿಜಾರು ಗೋಡೆಗೂ ಚಿನ್ನ ಹತ್ತುತ್ತದೆ, ಲಿಫ್ಟ್-ಆಫ್ ಮಾಡುವಾಗ (ರೆಸಿಸ್ಟ್ ಕರಗಿಸಿ ಬೇಡದ ಚಿನ್ನ ತೆಗೆಯುವಾಗ) ಅಂಚಿನಲ್ಲಿ ಕಿವಿಗಳಂತೆ ಉಳಿದುಕೊಳ್ಳುತ್ತದೆ. ಅಂಥದ್ದೊಂದು 2 ಮೈಕ್ರಾನ್ ಸೀಳಿಗೆ ಅಡ್ಡ ಬಿದ್ದರೆ ಕೆಪಾಸಿಟರ್ ಶಾರ್ಟ್, ಆ ಉಂಗುರದ ಅನುರಣನ ಮಾಯ. ಚಿನ್ನ ಅಂಟಲು ಮೊದಲು 10 ನ್ಯಾನೋಮೀಟರ್ ಟೈಟಾನಿಯಂ, ಮೇಲೆ 200 ನ್ಯಾನೋಮೀಟರ್ ಚಿನ್ನ. 1 ಟೆರಾಹರ್ಟ್ಸಿನಲ್ಲಿ ಚಿನ್ನದ ಸ್ಕಿನ್ ಡೆಪ್ತ್ (ಅಲೆ ಲೋಹದೊಳಗೆ ಇಳಿಯುವ ಆಳ) 80 ನ್ಯಾನೋಮೀಟರಿನ ಹತ್ತಿರ, ಹಾಗಾಗಿ ತೆಳು ಮಾಡಿ ಚಿನ್ನ ಉಳಿಸಲು ಹೋದರೆ ತಗ್ಗಿನ ಆಳವೇ ಹೋಗುತ್ತದೆ. ಅಸಿಟೋನಿನಲ್ಲಿ ರಾತ್ರಿಯಿಡೀ ನೆನೆಯಲಿ; ಅಲ್ಟ್ರಾಸೋನಿಕ್ ಜಾಸ್ತಿ ಕೊಟ್ಟರೆ ಉಂಗುರಗಳೇ ಎದ್ದು ಬರುತ್ತವೆ.

ಅಳೆಯುವಾಗ ವಿದ್ಯುತ್ ಕ್ಷೇತ್ರ ಸೀಳನ್ನು ದಾಟುವ ದಿಕ್ಕಿನಲ್ಲಿರಬೇಕು. ಸ್ಯಾಂಪಲ್ಲನ್ನು 90 ಡಿಗ್ರಿ ತಿರುಗಿಸಿದರೆ ಆ ತಗ್ಗು ಮಾಯವಾಗಬೇಕು, ಇದೇ ನಿನ್ನ ಮೊದಲ ಪರೀಕ್ಷೆ. (ಜಗದೀಶಚಂದ್ರ ಬೋಸ್ 1898ರಲ್ಲೇ ಹೊಸೆದ ಸೆಣಬಿನ ಎಳೆಗಳಿಂದ ಕಿರು ಅಲೆಗಳ ಧ್ರುವೀಕರಣ, ಅಂದರೆ ಕ್ಷೇತ್ರದ ದಿಕ್ಕು, ತಿರುಗಿಸಿದ್ದರು, ಗೊತ್ತಿರಲಿ.) ಅಳತೆಯ ಪೆಟ್ಟಿಗೆಗೆ ಒಣ ನೈಟ್ರೋಜನ್ ಹಾಯಿಸು. ನೀರಾವಿಯ 0.557 ಟೆರಾಹರ್ಟ್ಸ್ ಗೆರೆ ನಿನ್ನ ತಗ್ಗಿನ ಪಕ್ಕದಲ್ಲೇ ಕೂತಿದೆ, ಮಳೆಗಾಲದಲ್ಲಿ ಎರಡೂ ಬೆರೆತು ಏನೂ ತಿಳಿಯದು.

ಸಿನಾಪ್ಸಿಸ್‌ನಲ್ಲಿ (ಸಂಶೋಧನೆಯ ಸಾರಾಂಶದಲ್ಲಿ) 6ಜಿ, ಭದ್ರತೆ, ಕ್ಯಾನ್ಸರ್ ಪತ್ತೆ ಎಲ್ಲ ತುರುಕಿದ್ದೀಯ. ಮೇಲೆ ಹಚ್ಚಿದ ಪದರವನ್ನು ತಗ್ಗು ಸರಿಯುವುದರಿಂದ ಗುರುತಿಸುವ ಸೆನ್ಸರ್ ಒಂದನ್ನೇ ಇಟ್ಟುಕೋ. ಅದರಲ್ಲೂ ಒಂದು ತೊಡಕಿದೆ: ಸೀಳಿನ ಕ್ಷೇತ್ರ ಬಹುಪಾಲು ಸಿಲಿಕಾನಿನೊಳಗೇ ಇಳಿಯುವುದರಿಂದ ಮೇಲೆ ಹಚ್ಚಿದ ತೆಳು ಪದರ ತಗ್ಗನ್ನು ಅಲ್ಪಸ್ವಲ್ಪ ಮಾತ್ರ ಸರಿಸುತ್ತದೆ. ಮುಂದಿನ ಹಂತಕ್ಕೆ ತೆಳ್ಳನೆಯ ಪಾಲಿಇಮೈಡ್ ಪ್ಲಾಸ್ಟಿಕ್ ಹಾಳೆಯ ಮೇಲೆ ಮಾಡುವುದು ಒಳ್ಳೆಯದು. ಅಲ್ಲಿ ಅದೇ ಉಂಗುರದ ಆವರ್ತನ ಮೇಲೇರುತ್ತದೆ, ಅಳತೆ ಮತ್ತೆ ಲೆಕ್ಕ ಹಾಕಬೇಕು.

ಟೆರಾಹರ್ಟ್ಸ್ ಕೂಡ ಎಕ್ಸ್‌ರೇ ತರಹ ಅಪಾಯವೇ ಎಂದು ಅಪ್ಪ ಕೇಳಿದರಂತೆ. ಇಲ್ಲ ಅನ್ನು. 1 ಟೆರಾಹರ್ಟ್ಸ್ ಫೋಟಾನಿನ ಶಕ್ತಿ 4 ಮಿಲಿಎಲೆಕ್ಟ್ರಾನ್‌ವೋಲ್ಟ್, ಕಣ್ಣಿಗೆ ಕಾಣುವ ಬೆಳಕಿನದು ಅದರ ಸುಮಾರು 500 ಪಟ್ಟು. ಹೆದರಬೇಕಾದ್ದು ಅದನ್ನು ಹುಟ್ಟಿಸುವ ಲೇಸರಿಗೆ, ಕನ್ನಡಕ ತೆಗೆಯಬೇಡ.

2 ಮಿಲಿಮೀಟರ್ ವೇಫರ್ ಆರ್ಡರ್ ಮಾಡುವ ಮುಂಚೆ ಕ್ಲೀನ್‌ರೂಮಿನವರನ್ನು ಕೇಳು, ಅವರ ಮಾಸ್ಕ್ ಅಲೈನರ್ (ವಿನ್ಯಾಸವನ್ನು ಬೆಳಕಿನಿಂದ ರೆಸಿಸ್ಟಿಗೆ ಅಚ್ಚೊತ್ತುವ ಯಂತ್ರ) ಅಷ್ಟು ದಪ್ಪ ಹಿಡಿಯುತ್ತದೆಯೇ ಅಂತ. ಹಿಡಿಯದಿದ್ದರೆ 1 ಮಿಲಿಮೀಟರ್ ತರಿಸು.

ಇಂತಿ ನಿನ್ನ ಅಕ್ಕ,
ವೀಣಾ